ಇಂದ್ರಗೋಪ: ಒಂದು ಅರ್ಥವಿಮರ್ಶೆ

ವರ್ಷಾಕಾಲದ ವರ್ಣನೆಯಲ್ಲಿ ಇಂದ್ರಗೋಪವನ್ನು ಹೇಳುವುದು ಸಂಸ್ಕೃತ ಕವಿಗಳಿಗೂ ಅವರ ಮಾರ್ಗದಲ್ಲಿ ನಡೆದ ನಮ್ಮ ಪ್ರೌಢಕವಿಗಳಿಗೂ ರೂಢಿಯಾದ ಸಂಗತಿ. ಈ ಶಬ್ದವು ಬಂದೊಡನೆ ಪಾಠ ಹೇಳುವವರಲ್ಲಿ ಕೆಲವರು ‘ಮಿಂಚುಹುಳು’ ಎಂದುಬಿಡುವರು. ಕೆಲವರು ‘ಒಂದು ಬಗೆಯ ಕೆಂಪು ಹುಳು’ ಎಂದು ಮುಂದಕ್ಕೆ ಸಾಗುವರು. ಮೊದಲನೆಯ ಅರ್ಥವು ಪದ್ಯವನ್ನೇ ಕೆಡಿಸುತ್ತದೆ. ಎರಡನೆಯದು ತಪ್ಪಲ್ಲವಾದರೂ ಸಾಲದು.

ಈ ಗೊಂದಲಕ್ಕೆ ಕೋಶಗಳೂ ಕಾರಣವಾಗಿವೆ. ಮೋನಿಯರ್ ವಿಲಿಯಮ್ಸರ 1899ರ ಸಂಸ್ಕೃತ ಕೋಶದಲ್ಲಿ ಇಂದ್ರಗೋಪಕ್ಕೆ ಕೊಚಿನೀಲ್ ಎಂಬ ಕೀಟದ ಅರ್ಥವೂ ಮಿಂಚುಹುಳುವಿನ ಅರ್ಥವೂ ದೊರೆಯುತ್ತವೆ. ಕೊಚಿನೀಲ್ ಅಮೆರಿಕಾ ಖಂಡದ ಪಾಪಾಸುಕಳ್ಳಿಯ ಮೇಲೆ ಬಾಳುವ, ಕೆಂಪು ಬಣ್ಣವನ್ನು ಕೊಡುವ ಕೀಟ. ಆ ಜಾತಿಯ ಕೀಟವು ಬ್ರೆಜಿಲಿನಿಂದ ಭಾರತಕ್ಕೆ ಬಂದುದು 1795ರಲ್ಲಿ. ಆಗಲೂ ಒಳ್ಳೆಯ ಬಣ್ಣದ ಜಾತಿಯೆಂದು ಭ್ರಮಿಸಿ ತಂದುದು ಕೀಳು ಬಣ್ಣದ ಬೇರೊಂದು ಜಾತಿ. ವಾಲ್ಮೀಕಿಯೂ ಕಾಳಿದಾಸನೂ ಅದನ್ನು ಕಂಡಿರಲಾರರೆಂಬುದು ಸ್ಪಷ್ಟ.

ಇನ್ನು ಮಿಂಚುಹುಳುವಿನ ಮಾತು. ಅದಕ್ಕೆ ಖದ್ಯೋತ, ಜ್ಯೋತಿರಿಂಗಣ ಎಂಬ ಬೇರೆ ಹೆಸರುಗಳೇ ಇವೆ. ಕವಿಪ್ರಯೋಗವನ್ನು ನೋಡಿದರೆ ಸಂಶಯವು ಪೂರ್ತಿಯಾಗಿ ನೀಗುತ್ತದೆ. ಕಿಷ್ಕಿಂಧಾಕಾಂಡದ ಮಳೆಗಾಲದ ವರ್ಣನೆಯಲ್ಲಿ, ಎಳೆಯ ಇಂದ್ರಗೋಪಗಳು ಅಲ್ಲಲ್ಲಿ ಹರಡಿದ ಹೊಸ ಹಸುರಿನ ನೆಲವು, ಅರಗಿನ ಕೆಂಪು ಚಿಮುಕಿಸಿದ ಗಿಳಿಬಣ್ಣದ ಕಂಬಳಿಯನ್ನು ಹೊದೆದ ಹೆಂಗಸಿನಂತೆ ಕಾಣುತ್ತದೆ. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ವಿರಹಿಯಾದ ಪುರೂರವನು ಇಂದ್ರಗೋಪಗಳಿರುವ ಹುಲ್ಲನ್ನು ಕಂಡು, ತುಟಿಯ ಬಣ್ಣ ಬೆರೆತ ಕಣ್ಣೀರ ಹನಿಗಳು ಬಿದ್ದ ಪ್ರಿಯೆಯ ಹಸುರು ಸ್ತನಾಂಶುಕವೆಂದು ಭ್ರಮಿಸುತ್ತಾನೆ. ಎರಡೆಡೆಯಲ್ಲಿಯೂ ಉಪಮೆಯ ಜೀವವು ಹಸುರಿನ ಮೇಲಣ ಕೆಂಪು. ಅದು ಹಗಲಿನ ನೋಟ. ಮಿಂಚುಹುಳುವನ್ನು ತಂದಿಟ್ಟರೆ ಹಗಲು ಇರುಳಾಗಿ ಹಸುರೇ ಕಾಣದೆ ಹೋಗುವುದು. ರಾಜನ ಭ್ರಾಂತಿಗೆ ಆಧಾರವೇ ಇಲ್ಲವಾಗುವುದು. ಬೃಹದಾರಣ್ಯಕದಲ್ಲಿ ಪುರುಷನ ರೂಪಕ್ಕೆ ಹೇಳಿದ ಹೋಲಿಕೆಗಳಲ್ಲಿ ಬಣ್ಣದ ವಸ್ತ್ರ, ಬಿಳಿಯ ಉಣ್ಣೆ ಇವುಗಳ ಬಳಿಕ ಇಂದ್ರಗೋಪವೂ, ಅದರ ಬಳಿಕ ಅಗ್ನಿಜ್ವಾಲೆಯೂ ಬರುತ್ತವೆ. ಉಣ್ಣೆಯ ಮಾರ್ದವಕ್ಕೂ ಬೆಂಕಿಯ ಕೆಂಪಿಗೂ ನಡುವೆ ಸಲ್ಲುವ ಪ್ರಾಣಿ ಯಾವುದು?

ಸ್ಟಾಕ್‌ಹೋಮಿನ ಸಂಸ್ಕೃತಜ್ಞರಾದ ಸೀಗ್‌ಫ್ರೀಡ್ ಲೀನ್‌ಹಾರ್ಡರು 1978ರಲ್ಲಿ ಈ ಶಬ್ದವನ್ನು ವಿಚಾರಮಾಡಿ, ಇದು ಮಖಮಲ್ಲಿನಂತಹ ಮೈಯುಳ್ಳ ಕೆಂಪು ನುಸಿಯೆಂದು ಗುರುತಿಸಿದರು. ನಮಗೂ ಅದೇ ಸರಿಯೆಂದು ತೋರುತ್ತದೆ. ಶಾಸ್ತ್ರಜ್ಞರು ಟ್ರಾಂಬಿಡಿಯಮ್ ಎಂದು ಕರೆಯುವ ಈ ಪ್ರಾಣಿಯು ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಕಳೆದು, ಮೊದಲ ಮಳೆ ಬಿದ್ದ ಬಳಿಕ ಕೆಲವೇ ದಿನ ಹಗಲಿನಲ್ಲಿ ನೆಲದ ಮೇಲೆ ಹರಿದಾಡುತ್ತದೆ. ಇಂದ್ರನು ಮಳೆಯ ದೇವತೆ. ಇಂದ್ರನೇ ಕಾಯುವವನಾಗಿ ಉಳ್ಳದ್ದೆಂಬ ಹೆಸರು ಇದಕ್ಕೆ ಅನ್ವರ್ಥವಾಗಿದೆ.

ಈ ನಿರ್ಣಯಕ್ಕೆ ಗ್ರಂಥಗಳಷ್ಟೇ ಸಾಕ್ಷಿಯಲ್ಲ, ಜನರ ಬಳಕೆಯೂ ಸಾಕ್ಷಿ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಟಕಿಯನ್ನೇ ತೆಗೆದುಕೊಳ್ಳೋಣ. ಜೋಳ ತೊಗರಿಗಳ ಆ ಒಣ ಸೀಮೆಯಿಂದ ಮರಾಠಿಯ ನಾಡು ದೂರವಿಲ್ಲ. ಮೂಡಲಿಗೆ ತೆಲುಗರ ನಾಡು. ಮರಾಠಿಗರು ಈ ಪ್ರಾಣಿಯನ್ನು ‘ಮೃಗಾಚಾ ಕಿಡಾ’ ಎನ್ನುವರು. ತೆಲುಗರು ‘ಆರುದ್ರ ಪುರುಗು’ ಎನ್ನುವರು. ಹಿಂದುಸ್ತಾನಿಯಲ್ಲಿ ಇದು ‘ಬೀರಬಹೂಟಿ’. ಜೂನ್ 7ರ ಸುಮಾರಿಗೆ ಮೃಗಶಿರೆಯೂ 21ರ ಸುಮಾರಿಗೆ ಆರ್ದ್ರೆಯೂ ಹುಟ್ಟುತ್ತವೆ. ಹೀಗೆ ಎರಡು ನಾಡಿನ ರೈತರು ಮಳೆಯ ನಕ್ಷತ್ರಗಳಿಂದ ಹೆಸರಿಟ್ಟುದೂ, ಪೂರ್ವಿಕರು ಮಳೆಯ ದೇವತೆಯಿಂದ ಹೆಸರಿಟ್ಟುದೂ ಒಂದೇ ಅನುಭವದ ಫಲ.

ಹೊಲದಲ್ಲಿ ಕೆಂಪಾದುದೆಲ್ಲವೂ ಇಂದ್ರಗೋಪವಲ್ಲ. ಗುಲಗಂಜಿ ಹುಳುವು ದುಂಬಿಯ ಜಾತಿಯದು. ಅದಕ್ಕೆ ಗಟ್ಟಿಯಾದ ಮೇಲ್‌ರೆಕ್ಕೆಗಳೂ ಅವುಗಳ ಮೇಲೆ ಸಾಮಾನ್ಯವಾಗಿ ಕರಿಯ ಚುಕ್ಕೆಗಳೂ ಉಂಟು. ಹತ್ತಿಯ ಕೆಂಪು ತಿಗಣೆಗೆ ರಸ ಹೀರುವ ಕೊಂಡಿಬಾಯಿ, ಬೆನ್ನಿನ ಮೇಲೆ ಕರಿಯ ಬೊಟ್ಟುಗಳು. ಇವೆರಡಕ್ಕೂ ಆರೇ ಕಾಲು. ಇಂದ್ರಗೋಪಕ್ಕೆ ರೆಕ್ಕೆಯಿಲ್ಲ, ಚುಕ್ಕೆಯಿಲ್ಲ. ಬೆಳೆದುದಕ್ಕೆ ಎಂಟು ಕಾಲು. ಮೈಯೆಲ್ಲ ಒತ್ತಾದ ನವಿರು. ಶಾಸ್ತ್ರದ ದೃಷ್ಟಿಯಿಂದ ಇದು ಕೀಟವೇ ಅಲ್ಲ, ಜೇಡ ಉಣ್ಣಿಗಳ ಬಂಧು.

ಪ್ರತಿಯೊಬ್ಬ ಕವಿಯೂ ಇದನ್ನು ಕಣ್ಣಾರೆ ಕಂಡೇ ಬರೆದನೆಂದು ನಾವು ಹೇಳುವುದಿಲ್ಲ. ಕವಿಸಮಯವಾಗಿ ಕೈಯಿಂದ ಕೈಗೆ ಬಂದ ಪ್ರಯೋಗಗಳೂ ಇರಬಹುದು. ಆದರೆ ಮೂಲದಲ್ಲಿ ಒಂದು ಕಣ್ಣು ಕಂಡುದರಿಂದಲೇ ಆ ಸಮಯವು ಹುಟ್ಟಿತು. ಔಷಧದ ಎಣ್ಣೆಗಾಗಿ ಈ ಪ್ರಾಣಿಯನ್ನು ಹಿಡಿದು ಮಾರುವ ವಾಡಿಕೆಯೂ ಉಂಟು. ಹೊಲದಲ್ಲಿ ಇದು ಕಾಣದಾದ ದಿನ ನಮ್ಮ ಪದ್ಯಗಳಿಗೆ ಟೀಕೆಯೊಂದೇ ಉಳಿದೀತು. ಆದುದರಿಂದ ಕೋಶಕಾರರು ‘ಮಿಂಚುಹುಳು’ ಎಂಬ ಅರ್ಥವನ್ನು ಕೈಬಿಟ್ಟು ‘ಮೊದಲ ಮಳೆಗೆ ನೆಲದ ಮೇಲೆ ಕಾಣುವ ಕೆಂಪು ಮಖಮಲ್ ನುಸಿ’ ಎಂದು ಬರೆಯುವುದು ಯುಕ್ತ. ಉಪಾಧ್ಯಾಯರಾದವರು ಆ ಪದ್ಯಗಳ ಪಾಠವನ್ನು ಮಳೆಗಾಲದ ಮೊದಲ ವಾರಗಳಿಗೆ ಇಟ್ಟುಕೊಂಡು, ಹುಡುಗರನ್ನು ಒಮ್ಮೆ ಹೊಲದ ಬದುವಿಗೆ ಕರೆದೊಯ್ದರೆ, ವ್ಯಾಖ್ಯಾನದ ಅರ್ಧ ಶ್ರಮವು ತಪ್ಪುವುದು.