'ಸೆಟ್' ಎಂದರೆ ಕೂರಿಸು

ಇಂಗ್ಲಿಷ್ ನಿಘಂಟಿನಲ್ಲಿ ನಾಲಿಗೆ ತೊಡರಿಸುವ ಉದ್ದುದ್ದ ಪದಗಳಿಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಪುಟಗಟ್ಟಲೆ ಜಾಗ ನುಂಗುವುದು ಚೋಟುದ್ದದ ಕ್ರಿಯಾಪದಗಳು. 1989ರಲ್ಲಿ 20 ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು 'ಸೆಟ್' ಕ್ರಿಯಾಪದದ್ದು. 430ರಷ್ಟು ಅರ್ಥಗಳು, ಉದಾಹರಣೆಗಳೂ ಸೇರಿ ಸುಮಾರು 60,000 ಪದಗಳ ವಿವರಣೆ!

ಇಷ್ಟನ್ನೆಲ್ಲ ಬಾಯಿಪಾಠ ಮಾಡುವುದು ಯಾರಿಂದಾದೀತು? ಮಾಡಬೇಕಾಗಿಯೂ ಇಲ್ಲ. 'ಸಿಟ್' ಎಂದರೆ ಕೂರು. 'ಸೆಟ್' ಅದರ ಪ್ರೇರಣಾರ್ಥಕ, ಅಂದರೆ ಕೂರಿಸು. ಕನ್ನಡದಲ್ಲಿ 'ಇಸು' ಪ್ರತ್ಯಯ ಮಾಡುವ ಕೆಲಸಕ್ಕೆ ಇಂಗ್ಲಿಷ್‌ನ ಪೂರ್ವಜ ಭಾಷೆಯಲ್ಲೂ ಒಂದು ಪ್ರತ್ಯಯವಿತ್ತು. ಅದು ಸವೆದುಹೋಗಿ ಈಗ ಸ್ವರದ ವ್ಯತ್ಯಾಸವಷ್ಟೇ ಕಾಣುತ್ತದೆ. 'ಫಾಲ್' ಎಂದರೆ ಬೀಳು, 'ಫೆಲ್' ಎಂದರೆ ಮರ ಬೀಳಿಸು. ಇದೂ ಅದೇ ಜಾತಿಯ ಜೋಡಿ.

ಕನ್ನಡಿಗರಿಗೆ ಇಲ್ಲಿ ಅರ್ಧ ಕೆಲಸ ಮುಗಿದಂತೆಯೇ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ನಾಟಿವೈದ್ಯ ತಪ್ಪಿದ ಕೀಲು ಕೂರಿಸುತ್ತಾನೆ. ಎರಡಕ್ಕೂ ಇಂಗ್ಲಿಷ್‌ನಲ್ಲಿ 'ಸೆಟ್'. ಅಚ್ಚಿನಮನೆಯವರು ಮೊಳೆ ಜೋಡಿಸಿದರೂ, ಬೇಟೆಗಾರ ಬೋನು ಒಡ್ಡಿದರೂ, ಮೇಷ್ಟರು ಪ್ರಶ್ನೆಪತ್ರಿಕೆ ತಯಾರಿಸಿದರೂ, ವ್ಯಾಪಾರಿ ಬೆಲೆ ಕಟ್ಟಿದರೂ ಅದೇ ಪದ. ಏನನ್ನೋ ಅದರ ಜಾಗದಲ್ಲಿ ಅಲುಗಾಡದಂತೆ ಇಡುವುದು ಎಲ್ಲದರ ತಿರುಳು. ಸಿಮೆಂಟು ಗಟ್ಟಿಯಾಗುವುದು, ಮೊಸರು ಹೆಪ್ಪುಗಟ್ಟುವುದು, ಸೂರ್ಯ ಮುಳುಗುವುದು ಇವೂ 'ಸೆಟ್' ಆಗುವುದೇ. ಇಲ್ಲಿ ಮಾತ್ರ ಕೂರಿಸುವವರು ಯಾರೂ ಇಲ್ಲ, ತಾನಾಗಿಯೇ ಕೂತದ್ದು.

ಕಷ್ಟ ಶುರುವಾಗುವುದು ಬಾಲ ಅಂಟಿಕೊಂಡಾಗ. 'ಸೆಟ್ ಆಫ್' ಎಂದರೆ ಪ್ರಯಾಣ ಹೊರಡು. ಪಟಾಕಿ ಹಚ್ಚು ಎಂದೂ ಹೌದು. ಕಡುನೀಲಿ ಸೀರೆ ಮೈಮೇಲಿನ ಚಿನ್ನಕ್ಕೆ ಮೆರುಗು ಕೊಟ್ಟರೂ ಅದೇ. 'ಸೆಟ್ ಇನ್' ಎಂದರೆ ಮಳೆಯೋ ಚಳಿಯೋ ಬಂದು ಬೇರೂರುವುದು. 'ಸೆಟ್ ಅಬೌಟ್' ಎಂದರೆ ಕೆಲಸಕ್ಕೆ ಕೈಹಾಕು. ಒಬ್ಬನ ಮೇಲೆ ಪ್ರಯೋಗಿಸಿದರೆ ಹೊಡೆಯಲು ಮೇಲೇರಿ ಹೋಗು! ಇವಕ್ಕೆ ಮೂಲ ಹಿಡಿದು ಹೊರಟರೆ ದಾರಿ ತಪ್ಪುತ್ತದೆ, ನಿಘಂಟನ್ನೇ ತೆರೆಯಬೇಕು.

ನಮ್ಮ ಹೋಟೆಲಿನ ಸೆಟ್ ದೋಸೆಯ 'ಸೆಟ್' ಈ ವಂಶದ್ದಲ್ಲ. ಗುಂಪು, ಜೋಡಿ ಎಂಬರ್ಥದ ಆ ನಾಮಪದ ಲ್ಯಾಟಿನ್‌ನ 'ಸೆಕ್ಟಾ'ದಿಂದ ಫ್ರೆಂಚ್ ಮೂಲಕ ಬಂದದ್ದು. ಪಂಥ ಎಂಬರ್ಥದ 'ಸೆಕ್ಟ್' ಅದರ ಒಡಹುಟ್ಟು. ಕ್ರಿಯಾಪದದ ಒಡನಾಟದಿಂದ ಎರಡೂ ಬೆರೆತು ಇಂದು ಒಂದೇ ಎನ್ನಿಸುತ್ತವೆ.

'ಸೆಟ್'ನ ಪಟ್ಟ ಈಗ ಕೈತಪ್ಪಿದೆ. ಅದೇ ನಿಘಂಟಿನ ಪರಿಷ್ಕರಣೆಯಲ್ಲಿ 'ರನ್' ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಬಂದಿದೆ. ಅದನ್ನು ಸಿದ್ಧಪಡಿಸಲು ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು. ರೈಲು, ಗಿರಣಿ, ಕಂಪ್ಯೂಟರ್ ಪ್ರೋಗ್ರಾಮ್ ಎಲ್ಲವೂ 'ರನ್' ಆಗುವುದರಿಂದ ಯಂತ್ರಯುಗದ ಫಸಲೆಲ್ಲ ಅದರ ಪಾಲಾಯಿತು. 'ಸೆಟ್'ನ ಹಳೆಯ ಬಂಡವಾಳವಾದರೋ ಬಹುಪಾಲು ಕೈಕೆಲಸದ್ದು.

ಇಂಗ್ಲಿಷ್ ಕಲಿಯುವವರಿಗೆ ಒಂದೇ ಮಾತು: 'ಸೆಟ್' ಎದುರಾದಾಗ ಮೊದಲು 'ಕೂರಿಸು' ಎಂದು ಓದಿ ನೋಡಿ. ಒಗ್ಗದಿದ್ದರೆ ಅದರ ಬಾಲ ನೋಡಿ. ಆಮೇಲೆ ನಿಘಂಟು.