ಕರ್ತೃಪದ ಮತ್ತು ಕರ್ಮಪದ: ಲೈಂಗಿಕ ಕಿರುಕುಳದ ಕಲಮನ್ನು ಓದುವ ಬಗೆ

ಕಾಸರಗೋಡಿನ ಕನ್ನಡಿಗರು ದಿನವೂ ಎರಡು ವ್ಯಾಕರಣಗಳ ನಡುವೆ ಓಡಾಡುವವರು. ಮಲಯಾಳದಲ್ಲಿ ‘ವನ್ನು’ ಎಂದರೆ ಸಾಕು, ಬಂದವರು ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದ ಹೇಳುವುದಿಲ್ಲ. ಕನ್ನಡದ ಏಕವಚನಕ್ಕೆ ‘ಬಂದನು’, ‘ಬಂದಳು’ ಎಂದು ಬಿಡಿಸಿ ಹೇಳದೆ ಗತಿಯಿಲ್ಲ. ಕಾನೂನನ್ನು ಕನ್ನಡಕ್ಕೆ ತರುವಾಗ ಈ ವ್ಯತ್ಯಾಸ ಬರಿಯ ಭಾಷಾಶಾಸ್ತ್ರದ ಕುತೂಹಲವಾಗಿ ಉಳಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮನ್ನು ವಿದ್ಯಾರ್ಥಿಗಳೊಡನೆ ಅನುವಾದಿಸುತ್ತಿದ್ದಾಗ ಇದು ನನಗೆ ಮನವರಿಕೆಯಾಯಿತು.

ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ‘ಅವನು’ ಎಂಬ ಸರ್ವನಾಮ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಲ್ಲರಿಗೂ ಅನ್ವಯಿಸುತ್ತದೆಂದು ಅದು ತನ್ನ ವ್ಯಾಖ್ಯೆಗಳಲ್ಲೇ ಸಾರುತ್ತದೆ. (ಲಿಂಗವನ್ನು ಒಂಬತ್ತು ಬಗೆಯಾಗಿ ಎಣಿಸಿದ ಕೇಶಿರಾಜನಿಗೆ ಇದು ಅಚ್ಚರಿಯೆನಿಸುತ್ತಿರಲಿಲ್ಲ.) ಆದರೆ ಲೈಂಗಿಕ ಕಿರುಕುಳದ ಕಲಮು ಆರಂಭವಾಗುವುದು ಸರ್ವನಾಮದಿಂದಲ್ಲ, ‘ಪುರುಷನು’ ಎಂಬ ನಾಮಪದದಿಂದ. ವಿವಸ್ತ್ರಗೊಳಿಸುವಿಕೆ ಹಾಗೂ ಕದ್ದುನೋಡುವಿಕೆಯ 76, 77ನೆಯ ಕಲಮುಗಳಲ್ಲಿ ಹಳೆಯ ದಂಡಸಂಹಿತೆಯ ‘ಯಾವ ಪುರುಷನೇ’ ಎಂಬುದು ‘ಯಾರೇ’ ಎಂದು ಬದಲಾಗಿದೆ. ಅವುಗಳ ಅಕ್ಕಪಕ್ಕದ 75ರಲ್ಲೂ ಹಿಂಬಾಲಿಸುವಿಕೆಯ 78ರಲ್ಲೂ ‘ಪುರುಷ’ ಹಾಗೆಯೇ ಉಳಿದಿದ್ದಾನೆ. ಈ ಆಯ್ಕೆಯ ಹಿಂದಿನ ತರ್ಕವನ್ನು ಪಠ್ಯ ತಾನಾಗಿ ಬಿಟ್ಟುಕೊಡುವುದಿಲ್ಲ.

ಇದಕ್ಕಿಂತ ಕುತೂಹಲದ ಸಂಗತಿ ಕರ್ಮಪದದ್ದು. 75ನೆಯ ಕಲಮಿನ ನಾಲ್ಕು ಕೃತ್ಯಗಳಲ್ಲಿ ಒಂದರಲ್ಲಿ ಮಾತ್ರ, ಅಶ್ಲೀಲ ಚಿತ್ರ ತೋರಿಸುವ ಸಂದರ್ಭದಲ್ಲಿ, ‘ಮಹಿಳೆ’ ಎಂಬ ಪದವಿದೆ. ಬೇಡದ ಸ್ಪರ್ಶ, ಲೈಂಗಿಕ ಅನುಕೂಲದ ಬೇಡಿಕೆ, ಅಸಭ್ಯ ಮಾತು, ಈ ಮೂರೂ ಯಾರ ಮೇಲೆ ನಡೆದವೆಂದು ವಾಕ್ಯ ಹೇಳುವುದೇ ಇಲ್ಲ. ಆ ಖಾಲಿ ಜಾಗವನ್ನು ತುಂಬಿರುವುದು ಅಧ್ಯಾಯದ ಶೀರ್ಷಿಕೆ ಮತ್ತು ರೂಢಿಯ ಓದು. ಆ ಓದು ಬದಲಾಗಬಲ್ಲುದೆಂಬುದಕ್ಕೆ ನಿದರ್ಶನವಿದೆ. ಹಳೆಯ ಸಂಹಿತೆಯ ಇದೇ ಪಠ್ಯದಡಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿನಿಯೊಬ್ಬರ ದೂರನ್ನು ಸ್ವೀಕರಿಸಬಹುದೆಂದು 2018ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಪೊಲೀಸರು ಒಪ್ಪಿಕೊಂಡರು.

‘ಲಿಂಗತಟಸ್ಥ ಕಾನೂನು’ ಎಂಬ ಘೋಷಣೆಯ ದೋಷ ಇಲ್ಲಿದೆ. ಅದು ಕರ್ತೃ, ಕರ್ಮಗಳೆರಡನ್ನೂ ಒಂದೇ ಉಸಿರಿನಲ್ಲಿ ನುಂಗುತ್ತದೆ. 2013ರ ಜನವರಿಯಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ವರ್ಮಾ ಸಮಿತಿ ಅತ್ಯಾಚಾರದ ಕಾನೂನಿನ ವಿಷಯದಲ್ಲಿ ಇವೆರಡನ್ನೂ ಬಿಡಿಸಿ ನೋಡಿತ್ತು: ಆರೋಪಿ ಪುರುಷನೇ ಇರಲಿ, ಸಂತ್ರಸ್ತರು ಯಾರೂ ಆಗಿರಬಹುದು. ಮರುತಿಂಗಳ ಸುಗ್ರೀವಾಜ್ಞೆ ಎರಡೂ ಕಡೆ ‘ವ್ಯಕ್ತಿ’ಯನ್ನು ತಂದಿತು, ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು, ಬಳಿಕ ಬಂದ ಅಧಿನಿಯಮ ಎರಡೂ ಕಡೆ ಹಳೆಯ ಲಿಂಗಗಳಿಗೆ ಮರಳಿತು. ಸಮಿತಿಯ ಸೂಕ್ಷ್ಮ ವಿವೇಚನೆ ಈ ಹೋಗಿಬರುವಿಕೆಯಲ್ಲಿ ಕಳೆದುಹೋಯಿತು.

ಸಂಘಟನೆಗಳ ಆತಂಕವನ್ನು ಹಗುರವಾಗಿ ಕಾಣುವವರೊಡನೆ ನನ್ನ ಸಹಮತವಿಲ್ಲ. ದೂರು ಕೊಟ್ಟ ಹೆಣ್ಣಿನ ಮೇಲೆಯೇ ಅದೇ ಕಲಮಿನಡಿ ಪ್ರತಿದೂರು ಬೀಳುವುದಾದರೆ, ಕೆಲಸದ ಜಾಗದಲ್ಲಿ ಬಲವಿದ್ದವರ ಕೈಗೆ ಇನ್ನೊಂದು ಆಯುಧ ಸಿಕ್ಕಂತೆ. ಆದರೆ ಈ ವಾದ ಕಾಯುವುದು ಕರ್ತೃಪದವನ್ನು ಮಾತ್ರ. ಕರ್ಮಪದವನ್ನು ಮುಚ್ಚಿಡಲು ಅದರಲ್ಲಿ ಆಧಾರವಿಲ್ಲ.

ಮುಚ್ಚಿಟ್ಟದ್ದರ ಬೆಲೆ ಈಗ ಹೆಚ್ಚಿದೆ. ಹಳೆಯ 377ನೆಯ ಕಲಮಿನಲ್ಲಿ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಅಪರಾಧಮುಕ್ತಗೊಳಿಸಿದಾಗಲೂ ಸಮ್ಮತಿಯಿಲ್ಲದ ಕೃತ್ಯಕ್ಕೆ ಆ ಕಲಮು ಉಳಿದಿತ್ತು. ಹೊಸ ಸಂಹಿತೆಯಲ್ಲಿ ಅದು ಇಡಿಯಾಗಿ ಇಲ್ಲವಾಯಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಅಧಿನಿಯಮ ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ವಿಧಿಸುವ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ ಹತ್ತು ವರ್ಷ. ಒಂದೇ ನೋವಿಗೆ ಎರಡು ತಕ್ಕಡಿ.

ಅನುವಾದದ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ: “ಮೇಡಂ, ಇದು ಗಂಡು ಹುಡುಗರಿಗೆ ಆದರೆ ಯಾವ ಕಲಮು?” ಹದಿನೆಂಟರೊಳಗಾದರೆ ಪೋಕ್ಸೊ ಇದೆ, 2012ರ ಆ ಕಾಯ್ದೆ ಗಂಡುಮಕ್ಕಳನ್ನೂ ಒಳಗೊಳ್ಳುತ್ತದೆ ಎಂದೆ. ವಿದ್ಯಾಸಂಸ್ಥೆಗಳಿಗೆ ಯುಜಿಸಿಯ 2015ರ ನಿಯಮಾವಳಿಯಿದೆ ಎಂದೂ ಸೇರಿಸಿದೆ. “ನನಗೆ ಹತ್ತೊಂಬತ್ತು, ಕೆಲಸ ಬಸ್ಸಿನಲ್ಲಿ” ಎಂದ. ಹಲ್ಲೆ, ಬೆದರಿಕೆಗಳ ಸಾಮಾನ್ಯ ಕಲಮುಗಳನ್ನು ಹೆಸರಿಸಿದೆ; ನಡೆದದ್ದರ ಹೆಸರು ಅವುಗಳಲ್ಲಿರಲಿಲ್ಲ. ಅವನು ಮತ್ತೇನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ತನ್ನ ಅನುವಾದದಲ್ಲಿ ಮೂರನೆಯ ಕೃತ್ಯದ ‘ಮಹಿಳೆಯ ಇಚ್ಛೆಗೆ ವಿರುದ್ಧವಾಗಿ’ ಎಂಬುದನ್ನು ಹೊಡೆದು ‘ಯಾರದೇ ಇಚ್ಛೆಗೆ’ ಎಂದು ಬರೆದಿದ್ದ. ಮೂಲಕ್ಕೆ ನಿಷ್ಠವಲ್ಲವೆಂದು ನಾನು ಅದಕ್ಕೆ ಅಂಕ ಕಳೆಯಬೇಕಾಗಿತ್ತು.