78 ಸಾವಿರದ ಆಸೆ

ಚಡಚಣದಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಮನೆ ಮೇಲಿನ ಸೋಲಾರ್ ಮಾತು ಶುರುವಾಗುವುದು ಬಿಸಿಲಿನಿಂದಲ್ಲ, ಸಬ್ಸಿಡಿಯಿಂದ. ‘ಮೂರು ಕಿಲೋವ್ಯಾಟ್ ಹಾಕಿಸ್ರಿ ಕಾಕಾ, 78 ಸಾವಿರ ವಾಪಸ್ ಬರ್ತದ’ ಎಂದರೆ ಯಾರ ಮನಸ್ಸು ಕರಗುವುದಿಲ್ಲ?

2024ರ ಫೆಬ್ರುವರಿಯಲ್ಲಿ ಬಂದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ ಕೊಡುತ್ತದೆ. ಅದರಾಚೆ ಬಿಡಿಗಾಸಿಲ್ಲ. ಅಂದರೆ ಯೋಜನೆಯ ಒಲವು ಸಣ್ಣ ಮನೆಯ ಕಡೆಗೇ ಇದೆ. ಎರಡು ದಾಟಿದರೆ ನಮ್ಮ ಜೇಬಿನ ಪಾಲು ಹೆಚ್ಚುತ್ತದೆ. ಈ ಹದವಾದ ಲೆಕ್ಕವನ್ನು ಮಾರುವವರು ಮುಚ್ಚಿಟ್ಟು ದೊಡ್ಡ ಅಂಕಿಯನ್ನಷ್ಟೇ ತೋರಿಸುತ್ತಾರೆ. ಆ ಹಣವಾದರೂ ಪ್ಯಾನೆಲ್ ಕೂತು, ಮೀಟರ್ ಬದಲಾದ ಮೇಲೆ ಖಾತೆಗೆ ಬರುವಂಥದ್ದು. ಅದೂ ದೇಶದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ ಇದ್ದರೆ ಮಾತ್ರ. ಅಗ್ಗದ ಕೊಟೇಶನ್ ಹಿಡಿದು ಕುಣಿಯುವ ಮುಂಚೆ ಇದನ್ನು ಕೇಳಿಕೊಳ್ಳಬೇಕು.

ನನ್ನ ತಕರಾರು ಬೇರೆಯದು. 2023ರಿಂದ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇದೆ. ತಿಂಗಳಿಗೆ 80–90 ಯೂನಿಟ್ ಸುಡುವ ಮನೆಗೆ ಹೆಸ್ಕಾಂ ಬಿಲ್ಲು ಸೊನ್ನೆ. ಇಲ್ಲದ ಬಿಲ್ಲನ್ನು ಉಳಿಸುವುದು ಹೇಗೆ? ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಕೊಟ್ಟರೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಒಂದು ಸರ್ಕಾರ ಫುಕಟ್ ಕರೆಂಟ್ ಕೊಡುವಾಗ ಇನ್ನೊಂದು ಸರ್ಕಾರ ‘ನೀವೇ ಮಾಡಿಕೊಳ್ಳಿ’ ಎನ್ನುತ್ತಿದೆ. ಬಡವರ ಮಾಳಿಗೆಗೆ ಪ್ಯಾನೆಲ್ ಹತ್ತದಿದ್ದರೆ ಅಚ್ಚರಿಯೇನು? ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ಲು ಕಟ್ಟುವವರಿಗೆ ಮಾತ್ರ ಸೋಲಾರ್ ನಿಜಕ್ಕೂ ಲಾಭ.

ಅವರೂ ಮೊದಲು ನೋಡಬೇಕಾದ್ದು ಮಾಳಿಗೆಯನ್ನಲ್ಲ, ಜಂತಿಯ ಕೆಳಗಿನ ಫ್ಯಾನನ್ನು. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನಿಗೆ 28 ಸಾಕು. ದಿನಕ್ಕೆ 12 ತಾಸು ತಿರುಗುವ ನಾಲ್ಕು ಫ್ಯಾನ್ ಬದಲಿಸಿದರೆ ಎರಡೂಕಾಲು ಯೂನಿಟ್ ಉಳಿಯಿತು. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಡುವುದು ಸುಮಾರು 4 ಯೂನಿಟ್, ಅಂದರೆ ಅರ್ಧ ಕಿಲೋವ್ಯಾಟ್‌ಗೂ ಮಿಕ್ಕಿದ ಪ್ಯಾನೆಲ್ ಕೊಳ್ಳುವುದು ತಪ್ಪಿತು. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಅವನು ಫ್ಯಾನ್ ಮಾರುವುದಿಲ್ಲವಲ್ಲ.

ಇನ್ನೊಂದು ಮಾತೂ ಏಜೆಂಟರ ಬಾಯಲ್ಲಿ ಬರುವುದಿಲ್ಲ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲಿನ ಲೈನ್‌ಮನ್ ಜೀವಕ್ಕೆ ಅದೇ ಕ್ಷೇಮ. ಮೇ ತಿಂಗಳ ನಡುಮಧ್ಯಾಹ್ನ, ಮೇಲೆ ಪ್ಯಾನೆಲ್ ಕಾದು ಕೆಂಡವಾಗಿದ್ದರೂ ಕೆಳಗೆ ಫ್ಯಾನ್ ತಿರುಗದು. ‘ಇನ್ನ್ಯಾಕ ಬೇಕು’ ಎಂದು ಹಳೆಯ ಇನ್ವರ್ಟರನ್ನು ಗುಜರಿಗೆ ಹಾಕಿದವರು ಆಗ ಬೀಸಣಿಗೆ ಹುಡುಕುತ್ತಾರೆ.